ಹೆಬ್ಬಾಳದಲ್ಲಿ ಇಳಿದವರು ಯಾವ ಕಡೆ ನಡೆಯಬೇಕು? – ಓದುಗರ ಪ್ರಶ್ನೆ, ನಮ್ಮ ಉತ್ತರ

ದೊಡ್ಡ ಊರಿನಲ್ಲಿ ನಾಲ್ಕಾರು ಮಾರ್ಗಗಳು ಕೂಡುವ ಹೊಸ ರೈಲು ನಿಲ್ದಾಣವನ್ನು, ಅಂದರೆ ಇಂಟರ್‌ಚೇಂಜನ್ನು, ಹೇಗೆ ಯೋಜಿಸುತ್ತಾರೆ ಎಂಬುದು ಈ ಸಲದ ವಿಷಯ. ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಬೆಂಗಳೂರಿನವು. ಹುಬ್ಬಳ್ಳಿ, ಮುಂಬೈ, ಲಂಡನ್ನಿನಿಂದ ಒಂದೊಂದು ಬಂದಿವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿದ್ದೇವೆ.

ಪ್ರಶ್ನೆ: ಹೆಬ್ಬಾಳಕ್ಕೆ ವಿಮಾನ ನಿಲ್ದಾಣದ ನೀಲಿ ಮಾರ್ಗ ಬರುತ್ತದೆ, ಹೊರವರ್ತುಲ ರಸ್ತೆಯ ಕಿತ್ತಳೆ ಮಾರ್ಗ ಬರುತ್ತದೆ, ಸರ್ಜಾಪುರದಿಂದ ಕೆಂಪು ಮಾರ್ಗವೂ ಯೋಜನೆಯಲ್ಲಿದೆ. ಉಪನಗರ ರೈಲಿನ 'ಮಲ್ಲಿಗೆ' ಮಾರ್ಗ ಬೇರೆ. ಇಷ್ಟೆಲ್ಲ ಒಂದೇ ಕಡೆ ಸೇರಿದರೆ ಅದು ತಾನಾಗಿಯೇ ಇಂಟರ್‌ಚೇಂಜ್ ಆಗುವುದಿಲ್ಲವೇ? ಯೋಜಕರು ಮೊದಲು ಕೈಹಾಕುವುದು ಯಾವುದಕ್ಕೆ?
– ಎಸ್.ಎಂ., ಕೊಡಿಗೇಹಳ್ಳಿ

ಆಗುವುದಿಲ್ಲ. ನಕ್ಷೆಯಲ್ಲಿ ಒಂದೇ ಚುಕ್ಕೆ ಇದ್ದರೂ ನೆಲದ ಮೇಲೆ ಅವು ನಾಲ್ಕು ಬೇರೆ ಬೇರೆ ನಿಲ್ದಾಣಗಳು. ನಡುವೆ ಬಳ್ಳಾರಿ ರಸ್ತೆ, ಹೊರವರ್ತುಲ ರಸ್ತೆ, ಮೇಲ್ಸೇತುವೆಯ ಕವಲುಗಳು, ರೈಲು ಹಳಿ, ಒಂದು ಕೆರೆ. ಗಾಡಿಗಳು ಒಂದರ ಹಳಿಯ ಮೇಲೆ ಇನ್ನೊಂದು ಓಡುವ ಹಾಗೂ ಇಲ್ಲ. ಮೆಟ್ರೊ ಹಳಿಯ ಅಗಲ 1,435 ಮಿಲಿಮೀಟರ್, ಉಪನಗರ ರೈಲಿನದು 1,676. ಈಗ ಓಡುತ್ತಿರುವ ಮೆಟ್ರೊಗೆ ಕರೆಂಟು ಹಳಿಯ ಪಕ್ಕದ ಮೂರನೇ ಹಳಿಯಿಂದ 750 ವೋಲ್ಟ್, ಉಪನಗರ ರೈಲಿಗೆ ತಲೆಯ ಮೇಲಿನ ತಂತಿಯಿಂದ 25,000 ವೋಲ್ಟ್. ಆದ್ದರಿಂದ ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದವರು ನಡೆದೇ ಹೋಗಬೇಕು. ಆ ನಡಿಗೆ ಚೆನ್ನಾಗಿದ್ದರೆ ಅದು ಇಂಟರ್‌ಚೇಂಜ್. ಇಲ್ಲದಿದ್ದರೆ ಒಂದೇ ಹೆಸರಿನ ನಾಲ್ಕು ನಿಲ್ದಾಣ, ಅಷ್ಟೆ.

ಮೊದಲು ಮಾಡುವುದು ಒಂದು ಕೋಷ್ಟಕ. ಯಾವ ಮಾರ್ಗದಿಂದ ಯಾವ ಮಾರ್ಗಕ್ಕೆ, ಬೆಳಗಿನ ಅತಿ ದಟ್ಟಣೆಯ ಒಂದು ಗಂಟೆಯಲ್ಲಿ ಎಷ್ಟು ಜನ? ನಾಲ್ಕು ರೈಲು ಮಾರ್ಗ, ಜೊತೆಗೆ ಬಸ್ಸು ಎಂದಿಟ್ಟುಕೊಂಡರೆ ಹತ್ತು ಜೋಡಿ. ಹೋಗುವ ದಿಕ್ಕು, ಬರುವ ದಿಕ್ಕು ಬೇರೆ ಮಾಡಿದರೆ ಇಪ್ಪತ್ತು ಮನೆ. ಯಾವ ಮನೆಯ ಸಂಖ್ಯೆ ದೊಡ್ಡದೋ ಅದಕ್ಕೆ ಅತಿ ಗಿಡ್ಡ ದಾರಿ ಸಿಗಬೇಕು. ಕೇಳಲು ಸುಲಭ. ಆದರೆ ಕಟ್ಟುವವರು ಮೂವರಾದಾಗ ಪ್ರತಿಯೊಬ್ಬರೂ ತಮ್ಮ ಸಾಲನ್ನಷ್ಟೇ ಲೆಕ್ಕ ಹಾಕಿ ಉಳಿದ ಮನೆಗಳನ್ನು ಖಾಲಿ ಬಿಡುತ್ತಾರೆ. ಖಾಲಿ ಬಿಟ್ಟ ಆ ಮನೆಯೇ ಮುಂದೆ ಜನ ಬಿಸಿಲಲ್ಲಿ ರಸ್ತೆ ದಾಟುವ ಜಾಗ.

ಎರಡನೆಯದು ನಿಮಿಷದ ಲೆಕ್ಕ. ಬರಿಗೈಯಲ್ಲಿ ಮನುಷ್ಯ ನಿಮಿಷಕ್ಕೆ 80 ಮೀಟರ್ ನಡೆಯುತ್ತಾನೆ. ಸೂಟ್‌ಕೇಸ್ ಇದ್ದರೆ 60 ಎಂದು ಹಿಡಿಯುವುದು ಕ್ಷೇಮ. ಇದಕ್ಕೊಂದು ಗುಣಕ ಇದೆ: ಗಾಡಿಯೊಳಗೆ ಕೂತ ಒಂದು ನಿಮಿಷಕ್ಕೆ ಹೋಲಿಸಿದರೆ ನಡೆಯುವ, ಕಾಯುವ ಒಂದು ನಿಮಿಷವನ್ನು ಜನ ಸುಮಾರು ಎರಡು ಪಟ್ಟು ಎಣಿಸುತ್ತಾರೆ. 400 ಮೀಟರ್ ಸ್ಕೈವಾಕ್ ಎಂದರೆ ಐದು ನಿಮಿಷ. ಪ್ರಯಾಣಿಕನ ಮನಸ್ಸಿನಲ್ಲಿ ಅದು ಹತ್ತು. ಆ ಹತ್ತು ನಿಮಿಷ ಸ್ಕೂಟರ್ ಮನೆಯಲ್ಲೇ ಬಿಟ್ಟು ಬರಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸಿಬಿಡುತ್ತದೆ.

ಮೂರನೆಯದು, ನಮ್ಮಲ್ಲಿ ಯಾರೂ ಮೊದಲು ಕೇಳದ್ದು: ವೇಳಾಪಟ್ಟಿ. ಮೆಟ್ರೊ ಐದು ನಿಮಿಷಕ್ಕೊಂದು, ಉಪನಗರ ರೈಲು ಇಪ್ಪತ್ತು ನಿಮಿಷಕ್ಕೊಂದು ಎಂದಿಟ್ಟುಕೊಳ್ಳಿ. ಮೆಟ್ರೊದಿಂದ ಇಳಿದವನಿಗೆ ಒಂದು ನಿಮಿಷ ತಡವಾದರೆ ಹತ್ತೊಂಬತ್ತು ನಿಮಿಷ ದಂಡ. ಹಾಗಾಗಿ ನಡಿಗೆ ಆರು ನಿಮಿಷದ್ದೋ ಮೂರು ನಿಮಿಷದ್ದೋ ಎಂಬುದು ವೇಳಾಪಟ್ಟಿಯ ಜೊತೆಯಲ್ಲೇ ತೀರ್ಮಾನವಾಗಬೇಕು. ಸ್ವಿಟ್ಜರ್ಲೆಂಡ್‌ನವರು ಇದನ್ನು ತಲೆಕೆಳಗು ಮಾಡಿ ಗೆದ್ದರು. ಯಾವ ಗಾಡಿ ಯಾವ ಊರಿಗೆ ಎಷ್ಟು ಗಂಟೆಗೆ ಮುಟ್ಟಬೇಕು ಎಂದು ಮೊದಲು ಬರೆದರು, ಅದಕ್ಕೆ ಬೇಕಾದಷ್ಟು ಹಳಿ, ಪ್ಲಾಟ್‌ಫಾರಂ ಆಮೇಲೆ ಕಟ್ಟಿದರು. 2004ರ ಡಿಸೆಂಬರ್‌ನಲ್ಲಿ ಇಡೀ ದೇಶದ ವೇಳಾಪಟ್ಟಿ ಒಂದೇ ದಿನ ಬದಲಾಯಿತು.

ಜಾಗದ ಮಾತು ಇದಾದ ಮೇಲೆ. ಹೆಬ್ಬಾಳದ ಹಬ್‌ಗೆ ಮೆಟ್ರೊ ನಿಗಮ 45 ಎಕರೆ ಕೇಳಿತ್ತು. ಅದು ಹೆಚ್ಚೋ ಕಡಿಮೆಯೋ ಎಂದು ವಾದಿಸುವ ಮುನ್ನ ಒಂದು ವಿಷಯ ತಿಳಿದಿರಲಿ. ಮೊದಲು ಕಟ್ಟುವವರು ನಂತರ ಬರುವವರಿಗೆ ಗೋಡೆಯಲ್ಲಿ ಬಾಗಿಲು ಬಿಟ್ಟಿರಬೇಕು. ಎಂಜಿನಿಯರುಗಳು ಇದಕ್ಕೆ ನಾಕ್-ಔಟ್ ಪ್ಯಾನೆಲ್ ಎನ್ನುತ್ತಾರೆ: ಗೋಡೆಯ ಆ ಭಾಗದಲ್ಲಿ ಭಾರ ಹೊರುವ ಕಬ್ಬಿಣ ಹಾಕಿರುವುದಿಲ್ಲ, ಸುತ್ತ ತೊಲೆ ಕಟ್ಟಿರುತ್ತಾರೆ, ಮುಂದೆ ಒಡೆದರೆ ಕಟ್ಟಡಕ್ಕೆ ಏನೂ ಆಗದು. ಮೊದಲೇ ಬಿಟ್ಟರೆ ಇದರ ಖರ್ಚು ಅತ್ಯಲ್ಪ. ಬಿಡದೆ ಹೋದರೆ ಜನ ಓಡಾಡುತ್ತಿರುವ ನಿಲ್ದಾಣದಲ್ಲಿ ರಾತ್ರಿ ಮೂರ್ನಾಲ್ಕು ಗಂಟೆಯ ಅವಧಿಯಲ್ಲಿ ಡೈಮಂಡ್ ಗರಗಸ ಇಟ್ಟು ಕೊಯ್ಯಬೇಕು.

ಪ್ರಶ್ನೆ: ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಅಷ್ಟು ಚಂದ ಇದೆ. ಆದರೂ ಬೆಳಗಿನ ಜಾವ ಅಲ್ಲಿ ಇಳಿದವರು ಏಕೆ ಪರದಾಡುತ್ತಾರೆ? ಮೆಟ್ರೊ ಹತ್ತಿರವೇ ಇದೆಯಲ್ಲ?
– ಕೆ.ವಿ., ಹೊರಮಾವು

ನಕ್ಷೆಯಲ್ಲಿ ಹತ್ತಿರ. ಬೈಯಪ್ಪನಹಳ್ಳಿ ಮೆಟ್ರೊ 2011ರಲ್ಲೇ ಶುರುವಾಯಿತು. ಅದು ಇರುವುದು ಹಳೆಯ ಬೈಯಪ್ಪನಹಳ್ಳಿ ರೈಲು ನಿಲ್ದಾಣದ ಪಕ್ಕ. ಹೊಸ ಟರ್ಮಿನಲ್ 2022ರ ಜೂನ್‌ನಲ್ಲಿ ಗಾಡಿಗಳಿಗೆ ತೆರೆದುಕೊಂಡಿತು, ಸುಮಾರು 314 ಕೋಟಿ ರೂಪಾಯಿ ಖರ್ಚಿನಲ್ಲಿ. ಅದು ಇನ್ನೊಂದು ಮಗ್ಗುಲಲ್ಲಿದೆ, ಮಧ್ಯೆ ಹಳಿಗಳು. ಹಕ್ಕಿಗೆ ಹತ್ತಿರ, ಸೂಟ್‌ಕೇಸಿಗೆ ದೂರ.

ಆ ಜಾಗ ಆರಿಸಿದ್ದಕ್ಕೆ ರೈಲ್ವೆಯವರ ಬಳಿ ಗಟ್ಟಿ ಕಾರಣವಿತ್ತು. ದೂರದ ಗಾಡಿಗಳ ಟರ್ಮಿನಲ್‌ಗೆ ಜಾಗ ನುಂಗುವುದು ಪ್ಲಾಟ್‌ಫಾರಂ ಅಲ್ಲ. ಗಾಡಿ ತೊಳೆದು, ನೀರು ತುಂಬಿ, ಬ್ರೇಕು ನೋಡುವ ಪಿಟ್‌ಲೈನ್, ನಿಲ್ಲಿಸಿಡುವ ಸ್ಟೇಬ್ಲಿಂಗ್ ಲೈನ್. ಅಲ್ಲಿ ಏಳು ಪ್ಲಾಟ್‌ಫಾರಂ, ಎಂಟು ಸ್ಟೇಬ್ಲಿಂಗ್ ಲೈನ್, ಮೂರು ಪಿಟ್‌ಲೈನ್ ಇವೆ. ಅಷ್ಟುದ್ದದ ಸಮತಟ್ಟು ರೈಲ್ವೆ ಜಮೀನು ಊರೊಳಗೆ ಬೇರೆ ಎಲ್ಲಿತ್ತು? ಗಾಡಿಯ ದೃಷ್ಟಿಯಿಂದ ಆಯ್ಕೆ ಸರಿ. ಇಳಿದವನು ಮುಂದೆ ಎಲ್ಲಿ ಹೋಗುತ್ತಾನೆ ಎಂಬ ಕೋಷ್ಟಕ ಮಾತ್ರ ಕೊನೆಗೆ ಬಂತು.

ಆಟೊ ಸ್ಟ್ಯಾಂಡಿನ ಲೆಕ್ಕ ಹಾಕಿ ನೋಡೋಣ. ತುಂಬಿದ ಗಾಡಿಯಿಂದ 1,500 ಜನ ಇಳಿದರು ಎಂದಿರಲಿ. ನೂರಕ್ಕೆ ನಲವತ್ತು ಜನ ಆಟೊ, ಕ್ಯಾಬ್ ಹಿಡಿಯುತ್ತಾರೆ, ಒಂದಕ್ಕೆ ಇಬ್ಬರು. ಅಂದರೆ 300 ವಾಹನ. ನಿಲ್ಲಲು 60 ಮೀಟರ್ ಅಂಚಿದ್ದರೆ ಒಂದು ಸಲಕ್ಕೆ ಹತ್ತು ವಾಹನ. ಸಾಮಾನು ಹೇರಿ, ಓಟಿಪಿ ಹೇಳಿ ಹೊರಡಲು ತಲಾ ಒಂದೂವರೆ ನಿಮಿಷ. ಗಂಟೆಗೆ 400 ವಾಹನ ಸಾಗುತ್ತವೆ. ಒಂದೇ ಗಾಡಿಯ ಜನ ಖಾಲಿಯಾಗಲು 45 ನಿಮಿಷ! ಅಷ್ಟರಲ್ಲಿ ಹಿಂದೆಯೇ ಇನ್ನೆರಡು ಗಾಡಿ ಬಂದಿರುತ್ತವೆ. ಇದೇ 600 ಜನಕ್ಕೆ ಅರವತ್ತು ಜನ ಹಿಡಿಸುವ ಹತ್ತು ಬಸ್ಸು ಸಾಕು, ಆದರೆ ಬಸ್ಸು ತಿರುಗುವಷ್ಟು ಅಗಲದ ರಸ್ತೆ ಬೇಕು. ರಸ್ತೆ ಅಗಲಿಸುವುದು ರೈಲ್ವೆಯ ಕೆಲಸವಲ್ಲ, ಪಾಲಿಕೆಯದು, ಬಸ್ಸು ಬಿಎಂಟಿಸಿಯದು, ಮೆಟ್ರೊಗೆ ಸೇತುವೆ ಹಾಕುವುದು ಯಾರ ಕೆಲಸ ಎಂದು ಬರೆದಿಡುವಷ್ಟರಲ್ಲಿ ನಿಲ್ದಾಣ ಉದ್ಘಾಟನೆಯಾಗಿರುತ್ತದೆ. ಇಂಥದ್ದನ್ನು ಒಂದೇ ಮೇಜಿಗೆ ತರಲೆಂದೇ 2022ರಲ್ಲಿ ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರದ ಕಾಯ್ದೆ ಬಂದದ್ದು.

ಪ್ರಶ್ನೆ: ದೊಡ್ಡ ನಿಲ್ದಾಣದಲ್ಲಿ ಎಷ್ಟು ಎಸ್ಕಲೇಟರ್ ಬೇಕು ಎಂದು ಹೇಗೆ ತೀರ್ಮಾನಿಸುತ್ತಾರೆ? ನಾನು ನೋಡಿದ ಕಡೆಯೆಲ್ಲ ಕಡಿಮೆಯೇ ಅನಿಸುತ್ತದೆ.
– ಆರ್.ಎನ್., ಮುಂಬೈ

ನಿಮಗೆ ಅನಿಸಿದ್ದು ಸರಿ. ಲಂಡನ್ ಅಂಡರ್‌ಗ್ರೌಂಡ್ ಬಳಸುವ ಅಳತೆಗಳನ್ನೇ ತೆಗೆದುಕೊಳ್ಳೋಣ. ಒಂದು ಎಸ್ಕಲೇಟರ್ ನಿಮಿಷಕ್ಕೆ 100 ಜನ. ಒಮ್ಮುಖ ಮೆಟ್ಟಿಲಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ 35 ಜನ, ಎದುರುಬದುರು ಓಡಾಡುವುದಾದರೆ 28. ಸಮತಟ್ಟು ದಾರಿಯಲ್ಲಿ ಒಮ್ಮುಖಕ್ಕೆ 50, ಇಮ್ಮುಖಕ್ಕೆ 40. ಅಗಲ ಎಂದರೆ ಗೋಡೆಯಿಂದ ಗೋಡೆಗೆ ಅಲ್ಲ. ಗೋಡೆಗೆ ತಾಗಿಕೊಂಡು ಯಾರೂ ನಡೆಯುವುದಿಲ್ಲ, ಆದ್ದರಿಂದ ಎರಡೂ ಕಡೆ 30 ಸೆಂಟಿಮೀಟರ್ ಕಳೆಯಬೇಕು.

ಈಗ ಆರು ಬೋಗಿಯ ಮೆಟ್ರೊ ಬಂತು, ಒಳಗೆ ಸುಮಾರು 2,000 ಜನ. ಇಂಟರ್‌ಚೇಂಜ್ ಆದ್ದರಿಂದ 1,200 ಜನ ಇಳಿದರು. ಮುಂದಿನ ಗಾಡಿ ಮೂರು ನಿಮಿಷಕ್ಕೆ. ಅದು ಬರುವ ಹೊತ್ತಿಗೆ ಪ್ಲಾಟ್‌ಫಾರಂ ಖಾಲಿ ಇರಬೇಕಾದರೆ ಎರಡು ನಿಮಿಷದಲ್ಲಿ ಇಷ್ಟೂ ಜನ ಮೇಲೇರಬೇಕು. ಮೂರು ಮೀಟರ್ ಅಗಲದ ಎರಡು ಮೆಟ್ಟಿಲಿವೆ. ಅಂಚು ಕಳೆದು ತಲಾ 2.4 ಮೀಟರ್, ತಲಾ ನಿಮಿಷಕ್ಕೆ 84 ಜನ. ಎರಡೂ ಸೇರಿ ಎರಡು ನಿಮಿಷದಲ್ಲಿ 336. ಉಳಿದವರು 864. ನಿಮಿಷಕ್ಕೆ 432 ಜನ ಎಂದರೆ ಐದು ಎಸ್ಕಲೇಟರ್. ಒಂದು ಯಾವಾಗಲೂ ರಿಪೇರಿಯಲ್ಲಿರುತ್ತದೆ ಎಂದುಕೊಳ್ಳಿ, ಆರು. ಇವೆಲ್ಲ ಬರೀ ಮೇಲೇರುವವು, ಒಂದೇ ದಿಕ್ಕಿನ ಗಾಡಿಗೆ. ಎರಡೂ ದಿಕ್ಕಿನ ಗಾಡಿ ಒಟ್ಟಿಗೆ ಬಂದರೆ ಎರಡರಷ್ಟು.

ಅಷ್ಟನ್ನು ಎಲ್ಲಿ ಹಾಕುತ್ತೀರಿ? 12 ಮೀಟರ್ ಎತ್ತರಕ್ಕೆ 30 ಡಿಗ್ರಿ ಇಳಿಜಾರಿನ ಎಸ್ಕಲೇಟರ್ ನೆಲದ ಮೇಲೆ 21 ಮೀಟರ್ ಉದ್ದ ತಿನ್ನುತ್ತದೆ. ತಲೆ, ಬುಡಗಳಲ್ಲಿ ಜನ ಚದುರಲು ತಲಾ ಹತ್ತು ಮೀಟರ್‌ನಷ್ಟು ಬಯಲು ಬೇಕು. ಅಕ್ಕಪಕ್ಕ ಎರಡು ಹಾಕಿದರೆ ಮೂರೂವರೆ ಮೀಟರ್ ಅಗಲ. 12 ಮೀಟರ್ ಅಗಲದ ಪ್ಲಾಟ್‌ಫಾರಂನಲ್ಲಿ ಆಚೀಚೆ ಉಳಿಯುವುದು ನಾಲ್ಕೂಕಾಲು ಮೀಟರ್, ಅದರಲ್ಲಿ ಹಳದಿ ಗೆರೆಯಾಚೆಗಿನದು ಕಳೆಯಬೇಕು. ಇಲ್ಲಿಗೆ ಬಂದಾಗಲೇ 'ಆರು ಬೇಡ, ನಾಲ್ಕು ಮಾಡಿ' ಎಂಬ ಟಿಪ್ಪಣಿ ಕಡತಕ್ಕೆ ಬೀಳುವುದು. ಸರಿಯಾದ ಉತ್ತರ ಎಸ್ಕಲೇಟರ್ ಇಳಿಸುವುದಲ್ಲ, ಪ್ಲಾಟ್‌ಫಾರಂ ಅಗಲಿಸುವುದು. ನೆಲದಡಿ ಒಮ್ಮೆ ಕೊರೆದ ಮೇಲೆ ಅದು ಸಾಧ್ಯವಿಲ್ಲ.

ಬೆಂಕಿಯ ಲೆಕ್ಕ ಬೇರೆ. ಮೆಟ್ರೊ ನಿಲ್ದಾಣಗಳಿಗೆ ಅನುಸರಿಸುವ ಅಮೆರಿಕದ ಎನ್‌ಎಫ್‌ಪಿಎ 130 ಮಾನದಂಡದ ಪ್ರಕಾರ ಪ್ಲಾಟ್‌ಫಾರಂ ನಾಲ್ಕು ನಿಮಿಷದಲ್ಲಿ ಖಾಲಿಯಾಗಬೇಕು, ಆರು ನಿಮಿಷದಲ್ಲಿ ಎಲ್ಲರೂ ಸುರಕ್ಷಿತ ಜಾಗ ಮುಟ್ಟಬೇಕು.

ನೀವು ಮುಂಬೈಯವರು, ಎಲ್‌ಫಿನ್‌ಸ್ಟನ್ ರೋಡ್ ಮರೆತಿರಲಾರಿರಿ. 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ ಆ ನಿಲ್ದಾಣಕ್ಕೂ ಪರೇಲ್‌ಗೂ ಕೊಂಡಿಯಾಗಿದ್ದ ಕಿರಿದಾದ ಪಾದಚಾರಿ ಸೇತುವೆಯಲ್ಲಿ ನೂಕುನುಗ್ಗಲಾಗಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಜೋರು ಮಳೆ. ಸೇತುವೆಯ ಮೇಲೆ ಬಂದವರು ಮಳೆಗೆ ಹೊರಗೆ ಇಳಿಯದೆ ಮೆಟ್ಟಿಲ ಬಳಿಯೇ ನಿಂತರು. ಹಿಂದಿನಿಂದ ಒಂದಾದ ಮೇಲೊಂದು ಲೋಕಲ್ ಜನರನ್ನು ತಂದು ಸುರಿಯುತ್ತಲೇ ಇತ್ತು. ಮೆಟ್ಟಿಲ ಅಗಲದಷ್ಟೇ ಮುಖ್ಯ, ಅದರ ಬುಡದಲ್ಲಿ ಏನಿದೆ ಎಂಬುದು. ಚಾವಣಿ ಕೊನೆಯ ಮೆಟ್ಟಿಲಿಗೇ ನಿಂತರೆ ಮಳೆಗಾಲದಲ್ಲಿ ಆ ಮೆಟ್ಟಿಲಿನ ಸಾಮರ್ಥ್ಯ ಸೊನ್ನೆ. ಬಾಯಿಯಾಚೆ ಕನಿಷ್ಠ ಹತ್ತು ಹದಿನೈದು ಮೀಟರ್ ಚಾವಣಿ ಚಾಚಿರಬೇಕು. ಹೂವಿನವರು, ಮೊಬೈಲ್ ಕವರ್ ಮಾರುವವರು ಅಲ್ಲೇ ಕೂರುತ್ತಾರೆ ಎಂಬುದನ್ನೂ ನಕ್ಷೆಯಲ್ಲೇ ಒಪ್ಪಿಕೊಂಡು ಅವರಿಗೆ ಪಕ್ಕದಲ್ಲಿ ಜಾಗ ಬರೆಯಬೇಕು.

ಪ್ರಶ್ನೆ: ನಮ್ಮ ಊರಿನ ಪ್ಲಾಟ್‌ಫಾರಂ ಜಗತ್ತಿನಲ್ಲೇ ಉದ್ದದ್ದು. ಬೆಂಗಳೂರಿಗೆ ಅಂಥದ್ದೊಂದು ಕಟ್ಟಿದರೆ ಎಲ್ಲ ಸಮಸ್ಯೆ ತೀರುತ್ತದಲ್ಲ?
– ಬಿ.ಎಚ್., ಹುಬ್ಬಳ್ಳಿ

1,507 ಮೀಟರ್, ಹೆಮ್ಮೆಪಡಿ, ತಪ್ಪಿಲ್ಲ. ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ ಅಷ್ಟು ಉದ್ದ ಮಾಡಿದ್ದಕ್ಕೆ ಕಾರಣವಿದೆ: ಒಂದೇ ಪ್ಲಾಟ್‌ಫಾರಂನ ಎರಡು ತುದಿಯಿಂದ ಎರಡು ಗಾಡಿಗಳನ್ನು ಬೇರೆ ಬೇರೆ ದಿಕ್ಕಿಗೆ ಬಿಡಬಹುದು. ಆದರೆ ಗಾಡಿ ಬದಲಿಸುವವನಿಗೆ ಉದ್ದವೇ ಶತ್ರು. ಈ ತುದಿಯಿಂದ ಆ ತುದಿಗೆ ಬರಿಗೈಯಲ್ಲಿ 19 ನಿಮಿಷ. ಇಂಟರ್‌ಚೇಂಜ್ ಎಂದರೆ ಉದ್ದಕ್ಕೆ ಹಾಸುವುದಲ್ಲ, ಒಂದರ ಮೇಲೊಂದು ಪೇರಿಸುವುದು.

ಪ್ರಶ್ನೆ: ಹೊಸ ನಿಲ್ದಾಣ ಕಟ್ಟುವಾಗ ಕೊನೆಯ ನಿಲ್ದಾಣ, ಅಂದರೆ ಟರ್ಮಿನಲ್ ಆಗಿ ಕಟ್ಟುವುದು ಒಳ್ಳೆಯದೋ ಗಾಡಿ ಹಾದುಹೋಗುವಂತೆ ಕಟ್ಟುವುದೋ? ಪ್ಲಾಟ್‌ಫಾರಂ ಹೆಚ್ಚಿಸಿದರೆ ಸಾಲದೇ?
– ಎಂ.ಎಸ್., ತುಮಕೂರು

ಪ್ಲಾಟ್‌ಫಾರಂ ಹೊಟ್ಟೆ ಇದ್ದ ಹಾಗೆ. ತೊಂದರೆ ಬರುವುದು ಗಂಟಲಿನಲ್ಲಿ. ಎಲ್ಲ ಪ್ಲಾಟ್‌ಫಾರಂಗಳ ಹಳಿ ಕೂಡಿಕೊಂಡು ಎರಡೋ ನಾಲ್ಕೋ ಆಗುವ ಜಾಗಕ್ಕೆ ರೈಲ್ವೆಯವರು ಯಾರ್ಡಿನ ಗಂಟಲು ಎನ್ನುವುದು ಸುಮ್ಮನೆ ಅಲ್ಲ.

24 ಬೋಗಿಯ ಗಾಡಿ ಎಂಜಿನ್ ಸೇರಿ ಹತ್ತಿರಹತ್ತಿರ 600 ಮೀಟರ್. ಗಂಟಲಿನ ಉದ್ದ 300 ಮೀಟರ್ ಎನ್ನಿ. ಕೊನೆಯ ಬೋಗಿ ದಾಟಬೇಕಾದರೆ ಗಾಡಿ 900 ಮೀಟರ್ ಸಾಗಬೇಕು. ಹಳಿ ಬದಲಿಸುವ ಪಾಯಿಂಟು 1ಕ್ಕೆ 12ರದ್ದಾದರೆ (12 ಮೀಟರ್ ಸಾಗುವಷ್ಟರಲ್ಲಿ ಒಂದು ಮೀಟರ್ ಮಗ್ಗುಲಿಗೆ ಕವಲೊಡೆಯುವಂಥದ್ದು) ಗಂಟೆಗೆ 30 ಕಿಲೋಮೀಟರ್ ವೇಗ, 108 ಸೆಕೆಂಡ್. ಜಾಗ ಉಳಿಸಲು 1ಕ್ಕೆ 8.5ರ ಹಳೆಯ ಮಾದರಿ ಹಾಕಿದರೆ 15 ಕಿಲೋಮೀಟರ್, 216 ಸೆಕೆಂಡ್. ಸಿಗ್ನಲ್ ಹೊಂದಿಸಲು ಒಂದು ನಿಮಿಷ ಸೇರಿಸಿದರೆ ಮೊದಲನೆಯದರಲ್ಲಿ ಗಂಟೆಗೆ ಇಪ್ಪತ್ತೊಂದು ಚಲನೆ, ಎರಡನೆಯದರಲ್ಲಿ ಹದಿಮೂರು. ಟರ್ಮಿನಲ್‌ನಲ್ಲಿ ಒಂದು ಗಾಡಿ ಗಂಟಲನ್ನು ನಾಲ್ಕು ಸಲ ದಾಟುತ್ತದೆ: ಬರುವಾಗ, ಪಿಟ್‌ಲೈನಿಗೆ ಹೋಗುವಾಗ, ಅಲ್ಲಿಂದ ಮರಳುವಾಗ, ಹೊರಡುವಾಗ. ಒಂದೇ ದಾರಿಯ ಗಂಟಲಾದರೆ ಗಂಟೆಗೆ ಐದು ಗಾಡಿ, ಹೆಚ್ಚೆಂದರೆ. ಇಪ್ಪತ್ತು ಪ್ಲಾಟ್‌ಫಾರಂ ಕಟ್ಟಿದರೂ ಅಷ್ಟೇ. ಒಂದು ಗಾಡಿ ಬರುತ್ತಿರುವಾಗಲೇ ಇನ್ನೊಂದು ಹೊರಡುವಂತೆ ಸಮಾನಾಂತರ ದಾರಿ ಬಿಡಬೇಕು, ಪಿಟ್‌ಲೈನಿನ ದಾರಿ ಪೂರ್ತಿ ಪ್ರತ್ಯೇಕ ಇರಬೇಕು. ಉಪನಗರ ರೈಲಿಗಂತೂ ಹಾದುಹೋಗುವ ಪ್ಲಾಟ್‌ಫಾರಂ ಬಿಟ್ಟರೆ ಬೇರೆ ದಾರಿ ಇಲ್ಲ. ಈ ಬದಿಯಿಂದ ಬಂತು, ನಿಂತಿತು, ಆ ಬದಿಯಿಂದ ಹೋಯಿತು.

ಹಳೆಯ ಟರ್ಮಿನಲನ್ನು ಹಾದುಹೋಗುವ ನಿಲ್ದಾಣ ಮಾಡಿದವರೂ ಇದ್ದಾರೆ. ಜ್ಯೂರಿಕ್‌ನಲ್ಲಿ ಹಳೆಯ ನಿಲ್ದಾಣ ಹಾಗೇ ಉಳಿಸಿ ಅದರಡಿಯಲ್ಲಿ ಹಾದುಹೋಗುವ ನಾಲ್ಕು ಹಳಿಯ ಹೊಸ ನಿಲ್ದಾಣವನ್ನು 2014ರಲ್ಲಿ ತೆರೆದರು. ಸ್ಟುಟ್‌ಗಾರ್ಟ್‌ನವರು ಮೇಲಿನದನ್ನು ತೆಗೆದು ನೆಲದಡಿ ಎಂಟು ಹಳಿ ಮಾಡುವ ಕೆಲಸ 2010ರಲ್ಲಿ ಶುರುಮಾಡಿ ಖರ್ಚಿನಲ್ಲೂ ಜಗಳದಲ್ಲೂ ಹೆಸರು ಮಾಡಿದರು. ಅಲ್ಲಿ ಜಗಳಕ್ಕೆ ಒಂದು ಕಾರಣ ಪ್ಲಾಟ್‌ಫಾರಂನ ಇಳಿಜಾರು: ಒಂದು ಮೀಟರಿಗೆ 15 ಮಿಲಿಮೀಟರ್. ನಮ್ಮ ರೈಲ್ವೆ ನಿಯಮದಲ್ಲಿ ನಿಲ್ದಾಣದ ಇಳಿಜಾರು ಮಿತಿ 400ಕ್ಕೆ 1, ಅಂದರೆ ಮೀಟರಿಗೆ ಎರಡೂವರೆ ಮಿಲಿಮೀಟರ್. ಶಿಫಾರಸು ಮಾಡುವುದು 1,200ಕ್ಕೆ 1. ಬ್ರೇಕ್ ಬಿಟ್ಟ ಬೋಗಿ ತಾನಾಗಿ ಉರುಳಬಾರದು ಎಂಬುದಕ್ಕೆ. ಏರಿಳಿತದ ಬೆಂಗಳೂರಿನಲ್ಲಿ ನೇರವಾದ, ಇಷ್ಟು ಸಮತಟ್ಟಾದ 600 ಮೀಟರ್ ಹುಡುಕುವುದೇ ಅರ್ಧ ಕೆಲಸ.

ಪ್ರಶ್ನೆ: ಇಲ್ಲಿ ಓಲ್ಡ್ ಓಕ್ ಕಾಮನ್ ಎಂಬ ದೈತ್ಯ ನಿಲ್ದಾಣ ಕಟ್ಟುತ್ತಿದ್ದಾರೆ. ಅದಕ್ಕಾಗಿ ಪ್ಯಾಡಿಂಗ್ಟನ್ ನಿಲ್ದಾಣದ ಗಾಡಿಗಳನ್ನು ಆಗಾಗ ನಿಲ್ಲಿಸುತ್ತಾರೆ. ಖಾಲಿ ಜಾಗದಲ್ಲಿ ಕಟ್ಟುವುದಕ್ಕೆ ಓಡುತ್ತಿರುವ ರೈಲು ಏಕೆ ನಿಲ್ಲಬೇಕು?
– ಪಿ.ಜಿ., ಈಲಿಂಗ್, ಲಂಡನ್

ಅದು ಎರಡು ನಿಲ್ದಾಣ ಸೇರಿ ಒಂದು. ಹೈಸ್ಪೀಡ್ ಗಾಡಿಗಳಿಗೆ ನೆಲದಡಿ ಆರು ಪ್ಲಾಟ್‌ಫಾರಂ. ಸುಮಾರು 850 ಮೀಟರ್ ಉದ್ದ, 20 ಮೀಟರ್ ಆಳದ ಕಾಂಕ್ರೀಟ್ ಪೆಟ್ಟಿಗೆ ಅದು. ಹಳೆಯ ರೈಲ್ವೆ ಡಿಪೊ ಇದ್ದ ಜಾಗ, ಅಲ್ಲಿ ಎಷ್ಟು ಅಗೆದರೂ ಯಾರ ಗಾಡಿಯೂ ನಿಲ್ಲಬೇಕಿಲ್ಲ. ತೊಂದರೆ ಇರುವುದು ಮೇಲಿನ ಎಂಟು ಪ್ಲಾಟ್‌ಫಾರಂಗಳಲ್ಲಿ. ಅವು ಪ್ಯಾಡಿಂಗ್ಟನ್‌ಗೆ ಹೋಗುವ ಮುಖ್ಯ ಮಾರ್ಗದ ಮೇಲೇ ಬರಬೇಕು. ಹಳಿಗಳ ನಡುವೆ ಪ್ಲಾಟ್‌ಫಾರಂ ತೂರಿಸಬೇಕಾದರೆ ಹಳಿಗಳನ್ನು ಪಕ್ಕಕ್ಕೆ ಸರಿಸಬೇಕು. ಹಳಿ ಸರಿದರೆ ಮೇಲಿನ ತಂತಿ, ಸಿಗ್ನಲ್, ಪಾಯಿಂಟು, ಕೇಬಲ್ ಎಲ್ಲ ಸರಿಯಬೇಕು. ಇದನ್ನು ರಾತ್ರಿ ನಾಲ್ಕು ಗಂಟೆಯ ಬಿಡುವಿನಲ್ಲಿ ಮಾಡಲಾಗದು. ಕೆಲಸ ಶುರುಮಾಡಲು ಒಂದು ಗಂಟೆ, ಮುಗಿಸಿ ಪರೀಕ್ಷಿಸಲು ಒಂದು ಗಂಟೆ ಹೋದರೆ ಉಳಿಯುವುದು ಎರಡೇ. ಅದಕ್ಕೇ ಕ್ರಿಸ್‌ಮಸ್ ರಜೆ, ಭಾನುವಾರಗಳನ್ನು ಹಿಡಿಯುವುದು. 2024ರ ಕ್ರಿಸ್‌ಮಸ್ ಮರುದಿನಗಳಲ್ಲಿ ಪ್ಯಾಡಿಂಗ್ಟನ್ ಮುಚ್ಚಿದ್ದು ಇದಕ್ಕೇ.

ಆ ಯೋಜನೆಯಲ್ಲಿ ನಮಗೆ ಕೊರತೆಯಾಗಿ ಕಾಣುವುದು ಬೇರೆ ಎರಡು. ಲಂಡನ್ನಿನ ನಗರ ರೈಲು ಓವರ್‌ಗ್ರೌಂಡ್‌ನ ಎರಡು ಮಾರ್ಗಗಳು ಕೆಲವೇ ನೂರು ಮೀಟರ್ ದೂರದಲ್ಲಿ ಹಾದುಹೋಗುತ್ತವೆ. ಅಲ್ಲಿ ಎರಡು ನಿಲ್ದಾಣ ಕಟ್ಟುವ ಪ್ರಸ್ತಾಪ ಇದ್ದೂ ದುಡ್ಡು ಮಂಜೂರಾಗಲಿಲ್ಲ. ಕೋಷ್ಟಕದ ಆ ಮನೆಗಳು ಖಾಲಿ. ಇನ್ನೊಂದು, ಹೈಸ್ಪೀಡ್ ಮಾರ್ಗದ ಕೊನೆಯ ನಿಲ್ದಾಣವಾಗಬೇಕಾದ ಯೂಸ್ಟನ್ ತಡವಾಗಿರುವುದರಿಂದ ಮೊದಲ ವರ್ಷಗಳಲ್ಲಿ ಹೈಸ್ಪೀಡ್ ಗಾಡಿಗಳು ಓಲ್ಡ್ ಓಕ್‌ನಲ್ಲೇ ಕೊನೆಯಾಗಬೇಕು. ನಡುವಿನ ನಿಲ್ದಾಣವೆಂದು ಯೋಚಿಸಿದ್ದು ಕೊನೆಯ ನಿಲ್ದಾಣವಾದರೆ ಎಲ್ಲ ಲೆಕ್ಕ ಬದಲಾಗುತ್ತದೆ. ಒಂದಿಷ್ಟು ಜನ ಇಳಿಯಬೇಕಾದಲ್ಲಿ ಎಲ್ಲರೂ ಇಳಿಯುತ್ತಾರೆ, ಹೆಚ್ಚಿನವರು ಲಂಡನ್ನಿನ ನಡುವೆ ಹಾಯುವ ಎಲಿಜಬೆತ್ ರೈಲು ಮಾರ್ಗಕ್ಕೆ ನುಗ್ಗುತ್ತಾರೆ. ಅದರ ಒಂದು ಗಾಡಿ ಹಿಡಿಸುವುದೇ ಸುಮಾರು 1,500 ಜನರನ್ನು, ಮತ್ತು ಅದು ಖಾಲಿ ಬರುವುದಿಲ್ಲ ಎಂಬುದು ಈಲಿಂಗ್‌ನವರಿಗೆ ನಾವು ಹೇಳಬೇಕಿಲ್ಲ. ಯಾವುದೇ ನಿಲ್ದಾಣವನ್ನು 'ಮುಂದಿನ ಭಾಗ ಹತ್ತು ವರ್ಷ ತಡವಾದರೆ?' ಎಂದು ಕೇಳಿಕೊಂಡೇ ಅಳೆಯಬೇಕು. ಬೆಂಗಳೂರಿನಲ್ಲಂತೂ ಎರಡು ಸಲ ಕೇಳಿಕೊಳ್ಳಬೇಕು.

ಪ್ರಶ್ನೆ: ಮೆಜೆಸ್ಟಿಕ್ ಇರುವುದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಎನ್ನುತ್ತಾರೆ. ಕೆರೆಯಂಗಳದಲ್ಲಿ ಆಳವಾಗಿ ನಿಲ್ದಾಣ ಕಟ್ಟಿದರೆ ಕುಸಿಯುವುದಿಲ್ಲವೇ?
– ಎನ್.ಕೆ., ಶೇಷಾದ್ರಿಪುರಂ

ಕುಸಿಯುವ ಭಯಕ್ಕಿಂತ ತೇಲುವ ಭಯ ಹೆಚ್ಚು. ನಗೆಮಾತಲ್ಲ. 20 ಮೀಟರ್ ಆಳದ ಪೆಟ್ಟಿಗೆ, ಅಂತರ್ಜಲ ನೆಲದಿಂದ 5 ಮೀಟರ್ ಕೆಳಗೆ ಎಂದರೆ ಪೆಟ್ಟಿಗೆಯ ತಳವನ್ನು 15 ಮೀಟರ್ ನೀರು ಮೇಲಕ್ಕೆ ಒತ್ತುತ್ತಿರುತ್ತದೆ, ಚದರ ಮೀಟರಿಗೆ 15 ಟನ್. ಕಟ್ಟಡದ ತೂಕ, ಚಾವಣಿಯ ಮೇಲೆ ತುಂಬುವ ಮಣ್ಣಿನ ತೂಕ ಅದನ್ನು ಮೀರಬೇಕು. ಅತಿ ಅಪಾಯದ ಗಳಿಗೆ ಎಂದರೆ ಪೆಟ್ಟಿಗೆ ಸಿದ್ಧವಾಗಿದೆ, ಮೇಲಿನ ಮಣ್ಣು ಇನ್ನೂ ತುಂಬಿಲ್ಲ, ಮಳೆಗಾಲ ಬಂತು. ಆಗ ನೀರೆತ್ತುವ ಪಂಪು ಒಂದು ರಾತ್ರಿಯೂ ನಿಲ್ಲಬಾರದು. ಜನರೇಟರಿಗೆ ಇನ್ನೊಂದು ಜನರೇಟರ್ ಕಾವಲಿರಬೇಕು.

ಮೆಜೆಸ್ಟಿಕ್‌ನಲ್ಲಿ ಒಂದು ಕೆಲಸ ಚೆನ್ನಾಗಿ ಆಯಿತು. ನೇರಳೆ ಮಾರ್ಗ ಮೇಲೆ, ಹಸಿರು ಮಾರ್ಗ ಅದರಡಿ, ಎರಡನ್ನೂ ಒಂದೇ ಗುಂಡಿಯಲ್ಲಿ ಕಟ್ಟಿದರು. ನೇರಳೆಯ ಸುರಂಗ 2016ರಲ್ಲಿ, ಹಸಿರಿನದು 2017ರಲ್ಲಿ ತೆರೆದರೂ ಗಾಡಿ ಬದಲಿಸಲು ರಸ್ತೆಗೆ ಬರಬೇಕಾಗಿಲ್ಲ. ರೈಲು ನಿಲ್ದಾಣಕ್ಕೆ ಸೇತುವೆ ಮಾತ್ರ ಆಮೇಲೆ ಬಂತು, ಪಕ್ಕದ ಮನೆಗೆ ಕಿಟಕಿಯಿಂದ ಹೋದ ಹಾಗೆ.

ಬೆಂಗಳೂರಿನ ನೆಲದ ಇನ್ನೊಂದು ಕಾಟ ಬಂಡೆ. ಗಟ್ಟಿ ಬಂಡೆಯಾದರೂ ಸರಿ, ಮೆತ್ತನೆ ಮಣ್ಣಾದರೂ ಸರಿ. ಅರ್ಧ ಬಂಡೆ ಅರ್ಧ ಮಣ್ಣು ಬಂದರೆ ಸುರಂಗ ಯಂತ್ರದ ಹಲ್ಲುಗಳು ಒಂದು ಕಡೆ ಸವೆದು ಇನ್ನೊಂದು ಕಡೆ ಮಣ್ಣು ಕುಸಿಯುತ್ತದೆ. ಮೆಜೆಸ್ಟಿಕ್–ಚಿಕ್ಕಪೇಟೆ ನಡುವೆ 'ಗೋದಾವರಿ' ಯಂತ್ರ ತಿಂಗಳುಗಟ್ಟಲೆ ಸಿಕ್ಕಿಕೊಂಡದ್ದು ಹೀಗೆ ಹಾಳಾದ ತಲೆಯಿಂದ. ಆದ್ದರಿಂದ ಇಂಟರ್‌ಚೇಂಜ್ ಯೋಜನೆಯಲ್ಲಿ ಬೋರ್ ಹಾಕಿ ಮಣ್ಣು ಪರೀಕ್ಷಿಸುವ ಖರ್ಚಿಗೆ ಕತ್ತರಿ ಹಾಕಬಾರದು. ರಸ್ತೆ ಮುಚ್ಚುವ ಅವಧಿಯನ್ನೂ ಪ್ರಾಮಾಣಿಕವಾಗಿ ಬರೆಯಬೇಕು. ಎಂ.ಜಿ. ರಸ್ತೆಯ ಪಿಂಕ್ ಮಾರ್ಗದ ನಿಲ್ದಾಣಕ್ಕಾಗಿ ಕಾಮರಾಜ್ ರಸ್ತೆ 2019ರ ಜೂನ್‌ನಲ್ಲಿ ಮುಚ್ಚಿದ್ದು, ಅದರ ಒಂದು ಭಾಗವಾದರೂ ತೆರೆಯಲು 2024 ಬರಬೇಕಾಯಿತು.

ಪ್ರಶ್ನೆ: ರೈಲಿನಿಂದ ಇಳಿದು ಮೆಟ್ರೊಗೆ ಬಂದರೆ ಗೇಟಿನ ಮುಂದೆ ಖಾಲಿ, ಸ್ಕ್ಯಾನರ್ ಮುಂದೆ ಮೈಲುದ್ದ ಸಾಲು. ಏಕೆ?
– ಡಿ.ಎಲ್., ಯಶವಂತಪುರ

ಗೇಟು ನಿಮಿಷಕ್ಕೆ 25 ಜನರನ್ನು ಬಿಡಬಲ್ಲದು. ಸ್ಕ್ಯಾನರಿನ ಬೆಲ್ಟು ಸೆಕೆಂಡಿಗೆ 20 ಸೆಂಟಿಮೀಟರ್ ಓಡುತ್ತದೆ ಎಂದಿಟ್ಟುಕೊಳ್ಳಿ, ಒಂದು ಬ್ಯಾಗಿಗೆ ನಡುವಿನ ಅಂತರ ಸೇರಿ 70 ಸೆಂಟಿಮೀಟರ್. ಮೂರೂವರೆ ಸೆಕೆಂಡಿಗೆ ಒಂದು, ನಿಮಿಷಕ್ಕೆ ಹದಿನೇಳು ಬ್ಯಾಗು. ಊರಿಂದ ಬಂದವರ ಬಳಿ ತಲೆಗೆ ಎರಡು. ಅಲ್ಲಿಗೆ ಒಂದು ಸ್ಕ್ಯಾನರಿಗೆ ನಿಮಿಷಕ್ಕೆ ಎಂಟೊಂಬತ್ತು ಜನ. ಒಂದು ಗೇಟಿಗೆ ಮೂರು ಸ್ಕ್ಯಾನರ್ ಬೇಕಾಗುತ್ತದೆ, ಇರುವುದು ಅದಕ್ಕಿಂತ ತೀರ ಕಡಿಮೆ. ಗೇಟು ಸೇರಿಸುವುದು ಇಲ್ಲಿ ದಂಡದ ಖರ್ಚು. ರೈಲು ಕಡೆಯ ಬಾಗಿಲಿಗೆ ಹೆಚ್ಚು ಸ್ಕ್ಯಾನರ್, ಬ್ಯಾಗಿಲ್ಲದವರಿಗೆ ಬೇರೆ ಸಾಲು, ಸಾಲು ನಿಲ್ಲಲು ನೆರಳಿನ ಜಾಗ ಇವಿಷ್ಟೇ ಬೇಕಾದ್ದು. ಸಾಲು ಎಸ್ಕಲೇಟರಿನ ಬಾಯಿವರೆಗೆ ಬೆಳೆದರೆ ಅಪಾಯ. ಎಸ್ಕಲೇಟರ್ ನಿಲ್ಲದೆ ಜನರನ್ನು ತಂದು ತಳ್ಳುತ್ತಲೇ ಇರುತ್ತದೆ.

ಪ್ರಶ್ನೆ: ನಿಲ್ದಾಣದ ಮೇಲೆ ಮಾಲ್ ಕಟ್ಟಿದರೆ ಖರ್ಚು ಹುಟ್ಟುತ್ತದೆಯಂತೆ?
– ವಿ.ಟಿ., ದಾವಣಗೆರೆ

ಸ್ವಲ್ಪ ಹುಟ್ಟುತ್ತದೆ. ಆದರೆ ಮಾಲಿನ ಕಂಬ ಪ್ಲಾಟ್‌ಫಾರಂ ಮೇಲೆಯೇ ಇಳಿಯಬೇಕು, ಕಂಬ ಇಳಿದಷ್ಟೂ ನಡೆಯುವ ಜಾಗ ಕಡಿಮೆ. ಅಡಿಪಾಯವನ್ನು ಮೊದಲ ದಿನವೇ ಆ ಭಾರಕ್ಕೆ ಹಾಕಿರಬೇಕು. ಅಂಗಡಿಯವರು ಕೇಳುವುದು ಸುತ್ತು ದಾರಿ, ಪ್ರಯಾಣಿಕ ಕೇಳುವುದು ನೇರ ದಾರಿ. ಬಾಡಿಗೆ ಕೊಡುವವರ ಮಾತು ನಡೆದುಬಿಡುತ್ತದೆ. ಇನ್ನು ಅಂದದ ಮಾತು. ಬರ್ಲಿನ್ ಮುಖ್ಯ ನಿಲ್ದಾಣದ ಗಾಜಿನ ಚಾವಣಿಯನ್ನು 2006ರ ವಿಶ್ವಕಪ್ ಫುಟ್‌ಬಾಲ್ ಒಳಗೆ ಮುಗಿಸಲೇಬೇಕೆಂದು 430 ಮೀಟರ್‌ನಿಂದ 321ಕ್ಕೆ ಕತ್ತರಿಸಿದರು. ಉದ್ದದ ಗಾಡಿಯ ತುದಿ ಬೋಗಿಯವರು ಮಳೆಯಲ್ಲಿ ನೆನೆದುಕೊಂಡು ಹತ್ತುತ್ತಾರೆ.

ಪ್ರಶ್ನೆ: ನನ್ನ ತಾಯಿ ಗಾಲಿಕುರ್ಚಿಯಲ್ಲಿದ್ದಾರೆ. ಹೊಸ ನಿಲ್ದಾಣಗಳಲ್ಲಿ ಲಿಫ್ಟ್ ಇರುತ್ತದೆ, ಆದರೂ ರೈಲು ಹತ್ತಿಸುವುದು ಕಷ್ಟ. ಬೋರ್ಡುಗಳೂ ಗೊಂದಲ.
– ಸಿ.ಎ., ಮೈಸೂರು

ಮೆಟ್ರೊದಲ್ಲಿ ಪ್ಲಾಟ್‌ಫಾರಂ, ಬೋಗಿಯ ನೆಲ ಒಂದೇ ಮಟ್ಟ. ನಮ್ಮ ದೊಡ್ಡ ರೈಲಿನಲ್ಲಿ ಎತ್ತರದ ಪ್ಲಾಟ್‌ಫಾರಂ ಎಂದರೂ ಹಳಿಯಿಂದ 760ರಿಂದ 840 ಮಿಲಿಮೀಟರ್, ಬೋಗಿಯ ನೆಲ ಅದಕ್ಕಿಂತ ಒಂದು ಮೊಳ ಮೇಲೆ. ಉಪನಗರ ರೈಲಿಗೆ ಸಮಮಟ್ಟದ ಪ್ಲಾಟ್‌ಫಾರಂ ಕೊಡಬೇಕಾದರೆ ಅದೇ ಅಂಚಿಗೆ ದೂರದ ಗಾಡಿಯನ್ನು ತಂದು ನಿಲ್ಲಿಸಬಾರದು. ಹಂಚಿಕೊಂಡರೆ ಜಾಗ ಉಳಿಯುತ್ತದೆ ಎಂಬ ಆಸೆಗೆ ಬಿದ್ದರೆ ನಿಮ್ಮ ತಾಯಿಯವರನ್ನು ಇಬ್ಬರು ಎತ್ತಿಯೇ ಹತ್ತಿಸಬೇಕು. ಇಳಿಜಾರು ದಾರಿ 12ಕ್ಕೆ 1ಕ್ಕಿಂತ ಕಡಿದಾಗಿರಬಾರದು. ಒಂದು ಮೀಟರ್ ಏರಲು 12 ಮೀಟರ್ ದಾರಿ, ನಡುವೆ ತಂಗಲು ಜಾಗ. ಲಿಫ್ಟು ಯಾವಾಗಲೂ ಜೋಡಿಯಾಗಿರಬೇಕು. ಒಂದೇ ಇದ್ದರೆ ಅದು ಕೆಟ್ಟ ದಿನ ಗಾಲಿಕುರ್ಚಿಯವರಿಗೆ ಆ ನಿಲ್ದಾಣವೇ ಇಲ್ಲ.

ಬೋರ್ಡಿನ ಗೊಂದಲಕ್ಕೆ ಮುಂಬೈಯ ದಾದರ್ ನಿಲ್ದಾಣ ನೋಡಿ. ಪಶ್ಚಿಮ ರೈಲ್ವೆಯಲ್ಲೂ 1ನೇ ಪ್ಲಾಟ್‌ಫಾರಂ, ಮಧ್ಯ ರೈಲ್ವೆಯಲ್ಲೂ 1ನೇ ಪ್ಲಾಟ್‌ಫಾರಂ; ಒಂದೇ ನಿಲ್ದಾಣದಲ್ಲಿ ಎರಡು 'ಒಂದು' ಇದ್ದವು. 2023ರ ಡಿಸೆಂಬರ್‌ನಲ್ಲಿ ಮಧ್ಯ ರೈಲ್ವೆಯವನ್ನು 8ರಿಂದ 14 ಎಂದು ಬದಲಿಸಿ 1ರಿಂದ 14ರವರೆಗೆ ಒಂದೇ ಸಾಲು ಮಾಡಿದರು. ಹೆಬ್ಬಾಳದಲ್ಲೂ ಮೊದಲು ತೆರೆಯುವ ಮಾರ್ಗ ತನ್ನದಕ್ಕೆ 1, 2 ಎಂದು ಬರೆದುಕೊಳ್ಳುತ್ತದೆ, ಆಮೇಲೆ ಬಂದದ್ದೂ 1, 2 ಎನ್ನುತ್ತದೆ. ಬೋರ್ಡಿಗೆ ಬಣ್ಣ ಬಳಿಯುವ ಮುನ್ನವೇ ಎಲ್ಲ ಮಾರ್ಗಗಳಿಗೂ ಸೇರಿಸಿ ಸಂಖ್ಯೆ ಹಂಚಿಕೊಂಡರೆ ಒಂದು ದಿನದ ಮೀಟಿಂಗಿನಲ್ಲಿ ಮುಗಿಯುವ ಕೆಲಸ ಇದು.